ಪುಣೆಯಲ್ಲಿ ಯಾವುದಕ್ಕೆ ಯಾವ ಅಂಗಡಿ: ನಗುಮುಖ ನೋಡಿ ಆರಿಸಬೇಡಿ

ಪುಣೆಗೆ ಹೊಸದಾಗಿ ಬಂದ ನಮ್ಮ ಕನ್ನಡದವರು ಮೊದಲ ತಿಂಗಳು ಹೇಳುವ ದೂರು ಹೆಚ್ಚುಕಮ್ಮಿ ಒಂದೇ. ಇಲ್ಲಿನ ಅಂಗಡಿಯವರು ಮುಖ ಕೊಟ್ಟು ಮಾತಾಡುವುದಿಲ್ಲ. ಧಾರವಾಡದಲ್ಲಿ "ಬರ್ರೀ, ಏನ್ ಬೇಕ್ರೀ" ಅಂತ ಕೇಳಿಸಿಕೊಂಡು ಬೆಳೆದವರಿಗೆ, ಸದಾಶಿವ ಪೇಟೆಯ ಗಲ್ಲಾದ ಹಿಂದೆ ಕೂತ ಕಾಕಾ ಪೇಪರಿನಿಂದ ಕಣ್ಣೆತ್ತದೆ "ನಾಹಿ" ಅಂದುಬಿಟ್ಟರೆ ಬೇಜಾರಾಗುತ್ತದೆ. ಅದೇ ಹೊತ್ತಿಗೆ ವಾಕಡ್‌ನ ಯಾವುದೋ ಹೊಸ ಶೋರೂಮಿನಲ್ಲಿ ಹುಡುಗ ನೀರು ತಂದುಕೊಟ್ಟು, "ಸರ್, ಸರ್" ಅಂತ ಹಿಂದೆ ಸುತ್ತಿದರೆ ಇದೇ ಒಳ್ಳೆಯ ಸರ್ವಿಸ್ ಅನಿಸುತ್ತದೆ. ಅಲ್ಲೇ ಲೆಕ್ಕ ತಪ್ಪುವುದು.

ನಾನು ಅಂಗಡಿ ಆರಿಸುವಾಗ ನೋಡುವುದು ಒಂದೇ. ತಂದ ಸಾಮಾನು ಕೆಟ್ಟಿದ್ದರೆ ನಾಳೆ ಯಾರ ಮುಂದೆ ಹೋಗಿ ನಿಲ್ಲಬೇಕು, ಅವರ ಕೈಯಲ್ಲಿ ಅದನ್ನು ಸರಿಮಾಡುವ ಅಧಿಕಾರ ಇದೆಯಾ? ಕಾಕಾ ಅಂಗಡಿಯ ಮಾಲೀಕ. ಇವತ್ತು "ನಾಹಿ" ಅಂದವರು ನಾಳೆಯೂ ಅದೇ ಕುರ್ಚಿಯಲ್ಲಿ ಇರುತ್ತಾರೆ. ನೀರು ಕೊಟ್ಟ ಹುಡುಗ ಮುಂದಿನ ತಿಂಗಳು ಬೇರೆ ಶೋರೂಮಿನಲ್ಲಿ ಇರಬಹುದು. ಹಾಗಂತ ಕಾಕಾ ಎಲ್ಲದಕ್ಕೂ ಸರಿ ಅಂತಲೂ ಅಲ್ಲ. ಯಾವುದಕ್ಕೆ ಯಾರು ಅಂತ ಬೇರೆ ಬೇರೆಯಾಗಿ ನೋಡೋಣ.

ದಿನಸಿ: ಕಿರಾಣಿ ಅಂಗಡಿಯೋ, ದೊಡ್ಡ ಮಾರ್ಟೋ, ಆ್ಯಪೋ

ಇದರಲ್ಲಿ ಜಗಳ ಜಾಸ್ತಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ತಿಂಗಳ ದೊಡ್ಡ ಸಾಮಾನಿಗೆ, ಅಂದರೆ ಎಣ್ಣೆ, ಸಕ್ಕರೆ, ಸೋಪು, ಡಿಟರ್ಜೆಂಟ್, ಇಂಥವಕ್ಕೆ ಡಿ-ಮಾರ್ಟ್ ಥರದ ಕಡೆ ಬೆಲೆ ಕಡಿಮೆ. ಇದರಲ್ಲಿ ವಾದವೇ ಇಲ್ಲ. ಆದರೆ ಅಲ್ಲಿ ಯಾರೂ ನಿಮ್ಮನ್ನು ವಿಚಾರಿಸುವುದಿಲ್ಲ, ಅವರ ಬೆಲೆ ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ. ಟ್ರಾಲಿ ತಳ್ಳಿಕೊಂಡು, ಭಾನುವಾರ ಸಂಜೆಯ ಕ್ಯೂನಲ್ಲಿ ಮಕ್ಕಳನ್ನು ಸಂಭಾಳಿಸಿಕೊಂಡು ನಿಲ್ಲುವುದಕ್ಕೆ ತಯಾರಿದ್ದರೆ ಹೋಗಿ. ಬದಲಾಯಿಸುವ ಕೆಲಸ ಇದ್ದರೆ ಬಿಲ್ ಇಟ್ಟುಕೊಳ್ಳಿ, ಕೌಂಟರಿನಲ್ಲಿ ನಿಯಮದಂತೆ ಮಾಡಿಕೊಡುತ್ತಾರೆ. ನಿಯಮದ ಹೊರಗೆ ಏನೂ ಆಗುವುದಿಲ್ಲ.

ಆ್ಯಪ್‌ಗಳ ಬಲ ಬೇರೆ. ಒಡೆದ ಮೊಟ್ಟೆ, ಸೋರಿದ ಮೊಸರು ಬಂದರೆ ಫೋಟೋ ತೆಗೆದು ಹಾಕಿ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೇ ದುಡ್ಡು ವಾಪಸ್. ಕಾಕಾನ ಜೊತೆ ವಾದ ಮಾಡುವ ತಲೆನೋವು ಇಲ್ಲ. ಆದರೆ ಸಮಸ್ಯೆ ಫೋಟೋದಲ್ಲಿ ಕಾಣದೆ ಇದ್ದರೆ? ಬೇಳೆಗೆ ಮುಗ್ಗಲು ವಾಸನೆ ಇದೆ ಅನ್ನಿ, ಅದನ್ನು ಚಾಟ್‌ನಲ್ಲಿ ಹೇಗೆ ತೋರಿಸುತ್ತೀರಿ? ಅಲ್ಲಿಗೆ ಬಂದರೆ "ನಿಮ್ಮ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅನ್ನುವ ಮೆಸೇಜ್ ಮಾತ್ರ ಬರುತ್ತಾ ಇರುತ್ತದೆ. ಹ್ಯಾಂಡ್ಲಿಂಗ್ ಶುಲ್ಕ, ಸಣ್ಣ ಆರ್ಡರ್ ಶುಲ್ಕ, ಮಳೆ ಬಂದರೆ ಇನ್ನೊಂದು ಶುಲ್ಕ ಅಂತ ಕೊನೆಯ ಪರದೆಯಲ್ಲಿ ಸೇರುವುದನ್ನೂ ನೋಡಿಕೊಳ್ಳಿ. ಸಾಮಾನು ಎಲ್ಲಿಂದ ಬರುತ್ತದೆ ಅಂತ ನಮ್ಮ ಕಣ್ಣಿಗೆ ಕಾಣುವುದಿಲ್ಲ ಅನ್ನುವುದೂ ಸಣ್ಣ ವಿಷಯ ಅಲ್ಲ. 2025ರ ಜೂನ್‌ನಲ್ಲಿ ಬಾಲೇವಾಡಿಯ ಒಂದು ಡಾರ್ಕ್ ಸ್ಟೋರ್‌ನ ಮೇಲೆ, ಅಂದರೆ ಆ್ಯಪ್‌ನವರು ಸಾಮಾನು ಇಟ್ಟು ಮನೆಗಳಿಗೆ ಕಳಿಸುವ ಗೋದಾಮಿನ ಮೇಲೆ, ರಾಜ್ಯದ ಆಹಾರ ಮತ್ತು ಔಷಧ ಇಲಾಖೆಯೇ ಕ್ರಮ ತೆಗೆದುಕೊಂಡಿತ್ತು. ಕಿರಾಣಿ ಅಂಗಡಿಯಲ್ಲಾದರೆ ಅಕ್ಕಿ ಮೂಟೆ ಎಲ್ಲಿದೆ, ಅದರ ಪಕ್ಕ ಏನಿದೆ ಅಂತ ಬಾಗಿಲಲ್ಲಿ ನಿಂತೇ ಕಾಣುತ್ತದೆ.

ಇನ್ನು ಕಿರಾಣಿ. ನಮ್ಮ ಅಡುಗೆಗೆ ಇದಿಲ್ಲದೆ ಆಗುವುದಿಲ್ಲ, ಯಾಕೆಂದರೆ ನಮಗೆ ಬೇಕಾದದ್ದು ಇಲ್ಲಿಯ ರೂಢಿಯ ಸಾಮಾನಲ್ಲ. ಇಲ್ಲಿಯವರು ಇಂದ್ರಾಯಣಿ, ಆಂಬೆಮೋಹರ್, ಕೋಲಂ ಅಕ್ಕಿ ತಿನ್ನುತ್ತಾರೆ. ನಮಗೆ ಸೋನಾ ಮಸೂರಿ ಬೇಕು, ಕರಾವಳಿಯವರಿಗೆ ಕುಚ್ಚಲಕ್ಕಿ ಬೇಕು, ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿಯೇ ಆಗಬೇಕು. ಒಳ್ಳೆಯ ಕಿರಾಣಿಯವನು ಯಾರು ಅಂದರೆ, "ಇಲ್ಲ" ಅಂದ ಮೇಲೆ "ಎಷ್ಟು ಬೇಕು, ಪ್ರತಿ ತಿಂಗಳು ತಗೋತೀರಾ?" ಅಂತ ಕೇಳುವವನು. ತಗೋತೀನಿ ಅಂದರೆ ಮಾರ್ಕೆಟ್ ಯಾರ್ಡ್‌ನ ಸಗಟು ಪೇಟೆಗೆ ಹೋದಾಗ ಒಂದು ಮೂಟೆ ತಂದಿಡುತ್ತಾನೆ. ನಿಮ್ಮ ಸೊಸೈಟಿಯಲ್ಲಿ ಇನ್ನೂ ನಾಲ್ಕು ಕನ್ನಡದ ಮನೆಗಳಿದ್ದರೆ ಕೇಳುವುದೇ ಬೇಡ. ಯಾವ ಆ್ಯಪೂ ಇದನ್ನು ಮಾಡುವುದಿಲ್ಲ.

ಆದರೆ ಅವನನ್ನೂ ಪರೀಕ್ಷೆ ಮಾಡಿ. ತಕ್ಕಡಿಯ ಅಂಕಿ ಗಿರಾಕಿಯ ಕಡೆಗೂ ಕಾಣಬೇಕು. ಸಾಮಾನು ಹಾಕುವ ಮೊದಲು ಸೊನ್ನೆ ತೋರಿಸಬೇಕು. ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಾನೂನು ಮಾಪನ (ತೂಕ ಮತ್ತು ಅಳತೆ) ಇಲಾಖೆಯಿಂದ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಮುದ್ರೆ ಹಾಕಿಸಬೇಕು, ಆ ಪ್ರಮಾಣಪತ್ರ ಗೋಡೆಯ ಮೇಲೆ ಇದೆಯಾ ನೋಡಿ. ತಣ್ಣಗಿನ ಪಾನೀಯಕ್ಕೆ "ಕೂಲಿಂಗ್ ಚಾರ್ಜ್" ಅಂತ ಎಂಆರ್‌ಪಿ ಮೇಲೆ ಎರಡು ರೂಪಾಯಿ ಕೇಳಿದರೆ ಅದು ತಪ್ಪು. ಅಂಗಡಿಯಲ್ಲಿ ಪೊಟ್ಟಣದ ಸಾಮಾನನ್ನು ಎಂಆರ್‌ಪಿಗಿಂತ ಜಾಸ್ತಿಗೆ ಮಾರುವ ಹಾಗಿಲ್ಲ. ಎರಡು ರೂಪಾಯಿಗೆ ಜಗಳ ಯಾಕೆ ಅನ್ನಬೇಡಿ. ಅಲ್ಲಿ ಹಿಡಿದವನು ಬೇಳೆಯ ತೂಕದಲ್ಲೂ ಹಿಡಿಯುತ್ತಾನೆ ಅನ್ನುವುದು ನನ್ನ ಅನುಮಾನ.

ಇನ್ನೊಂದು ಮಾತು, ಕೆಲವರಿಗೆ ಸಿಟ್ಟು ಬರಬಹುದು. ಅಂಗಡಿಯವನು ಕನ್ನಡ ಮಾತಾಡಿದ ಅನ್ನುವ ಒಂದೇ ಕಾರಣಕ್ಕೆ ಅವನ ಗಿರಾಕಿ ಆಗಬೇಡಿ. ಗಡಿಯ ಅಕ್ಕಲಕೋಟೆ, ಜತ್ ಕಡೆಯಿಂದ ಬಂದು ಇಲ್ಲಿ ಅಂಗಡಿ ಇಟ್ಟ ಎಷ್ಟೋ ಜನ ಮನೆಯಲ್ಲಿ ಕನ್ನಡ ಆಡುವವರೇ. "ಯಾವ ಊರ್ರೀ ನಿಮ್ದು" ಅಂತ ಶುರುವಾದರೆ ನಮಗೆ ಎದೆ ತುಂಬಿ ಬರುತ್ತದೆ, ಒಪ್ಪುತ್ತೇನೆ. ಆಮೇಲೆ ಏನಾಗುತ್ತದೆ ಅಂದರೆ, ಊರವನು ಅಂತ ತೂಕ ನೋಡುವುದಿಲ್ಲ, ಬಿಲ್ ಕೇಳುವುದಿಲ್ಲ, ಹುಳ ಬಂದ ಹಿಟ್ಟನ್ನು ವಾಪಸ್ ಕೊಡುವುದಕ್ಕೂ ಸಂಕೋಚ. ಪರಿಚಯ ಇರಲಿ, ತಕ್ಕಡಿಯ ಮೇಲೂ ಒಂದು ಕಣ್ಣಿರಲಿ.

ಗಿರಣಿ

ಜೋಳದ ರೊಟ್ಟಿ ಮಾಡುವ ಮನೆಯವರಿಗೆ ಇದು ದಿನಸಿಗಿಂತ ದೊಡ್ಡ ಪ್ರಶ್ನೆ. ಪ್ಯಾಕೆಟ್ ಹಿಟ್ಟು, ಮನೆಯ ಸಣ್ಣ ಗಿರಣಿ, ಓಣಿಯ ಗಿರಣಿ ಅಂತ ಮೂರು ದಾರಿ. ಪ್ಯಾಕೆಟ್ ಜೋಳದ ಹಿಟ್ಟು ಯಾವಾಗ ಬೀಸಿದ್ದು ಅಂತ ತಾರೀಖು ನೋಡಿ ತಗೊಳ್ಳಿ. ಹಳೆಯದಾದರೆ ಜಿಗಿ ಇರುವುದಿಲ್ಲ, ತಟ್ಟುವಾಗ ಅಂಚು ಸೀಳುತ್ತದೆ.

ಓಣಿಯ ಗಿರಣಿಯಲ್ಲಿ ಸೋಲಾಪುರದ ಮಾಲದಾಂಡಿ ಜೋಳ ಬೀಸಿಸಿದರೆ ಆ ರೊಟ್ಟಿಯೇ ಬೇರೆ. ಆದರೆ ಎಲ್ಲ ಗಿರಣಿಯೂ ಒಂದೇ ಅಲ್ಲ. ನಮ್ಮ ಕೊಥ್ರೂಡ್‌ನ ಗಿರಣಿಯಾತ ಡಬ್ಬಿ ತಗೊಂಡ ತಕ್ಷಣ ಮುಚ್ಚಳ ತೆಗೆದು ಒಂದು ಹಿಡಿ ಜೋಳ ಅಂಗೈಗೆ ಸುರಿದುಕೊಂಡು, ಬೆಳಕಿಗೆ ಹಿಡಿದು, ಕಲ್ಲು ಇದೆಯಾ ತೇವ ಇದೆಯಾ ನೋಡುತ್ತಾನೆ. ತೇವ ಇದ್ದರೆ "ಉನ್ಹಾತ್ ಠೇವಾ" ಅಂತ ವಾಪಸ್. ಬಿಸಿಲಿಗೆ ಹಾಕಿ ತನ್ನಿ ಅಂತ. ಬೇರೆ ಕಾರಣ ಹೇಳುವುದಿಲ್ಲ, ಸಮಾಧಾನವೂ ಇಲ್ಲ. ಆಮೇಲೆ ಚೀಟಿಯ ಮೇಲೆ ಹೆಸರು ಬರೆದು ಡಬ್ಬಿಗೆ ಸಿಕ್ಕಿಸಿ ಸಾಲಿನಲ್ಲಿ ಇಡುತ್ತಾನೆ. ಗೋಧಿಯ ಡಬ್ಬಿಗಳ ಸಾಲು ಬೇರೆ, ಜೋಳ ಸಜ್ಜೆಯದ್ದು ಬೇರೆ. ಗೋಧಿ ಬೀಸಿದ ಕಲ್ಲಿಗೆ ನೇರ ನಿಮ್ಮ ಜೋಳ ಬಿದ್ದರೆ ಹಿಟ್ಟು ಬೆರೆಯುತ್ತದೆ. ಗೋಧಿ ಆಗದ ಹೊಟ್ಟೆಯವರಿಗೆ ಅದು ತೊಂದರೆ. ಕಲ್ಲಿಗೆ ಉಳಿ ಹೊಡೆಸಿದ ದಿನ "ಇವತ್ತು ಬೇಡ, ಹಿಟ್ಟಿಗೆ ಕಲ್ಲಿನ ಪುಡಿ ಬರುತ್ತೆ" ಅಂತ ತಾನೇ ಹೇಳಿ ಕಳಿಸುತ್ತಾನೆ.

ಇದೇ ನಾನು ಹೇಳುವ ಸರ್ವಿಸ್. ಎದುರಿನ ರಸ್ತೆಯ ಇನ್ನೊಂದು ಗಿರಣಿಯಲ್ಲಿ ಕೂರಿಸಿ ಚಹಾ ಕೊಡುತ್ತಾರೆ, ಏನು ಕೊಟ್ಟರೂ ಯಾವ ಹೊತ್ತಿಗಾದರೂ ಬೀಸಿಕೊಡುತ್ತಾರೆ. ಆದರೆ ಆ ಹಿಟ್ಟಿನ ರೊಟ್ಟಿ ತಿಂದರೆ ಹಲ್ಲಿಗೆ ಮರಳು ಸಿಗುತ್ತದೆ.

ಮಧ್ಯಾಹ್ನ ಒಂದರಿಂದ ನಾಲ್ಕು

ಇದನ್ನು ಹೇಳದೆ ಪುಣೆಯ ಅಂಗಡಿಗಳ ಮಾತು ಮುಗಿಯುವುದಿಲ್ಲ. ಮಧ್ಯಾಹ್ನ ಷಟರ್ ಎಳೆದು ಊಟ ಮಾಡಿ ಮಲಗುವ ಅಂಗಡಿಗಳ ಬಗ್ಗೆ ಇಲ್ಲಿಯವರೇ ಜೋಕ್ ಮಾಡುತ್ತಾರೆ. 1950ರಲ್ಲಿ ಪುಣೆಯಲ್ಲಿ ಶುರುವಾದ ಚಿತಳೆ ಬಂಧು ಮಿಠಾಯಿವಾಲೆ ಕೂಡ ಬಹಳ ವರ್ಷ ಒಂದರಿಂದ ನಾಲ್ಕು ಬಾಗಿಲು ಹಾಕುತ್ತಿದ್ದರು. 2017ರಲ್ಲಿ ಮಧ್ಯಾಹ್ನವೂ ತೆರೆದಿಡುತ್ತೇವೆ ಅಂದಾಗ ಅದು ಪೇಪರಿನಲ್ಲಿ ಸುದ್ದಿಯಾಯಿತು! ಅವರ ಹೆಸರುವಾಸಿ ಕುರುಕಲು ಬಾಕರವಡಿ, ಅದನ್ನು ಕೊಳ್ಳುವ ಹೊತ್ತೂ ಸುದ್ದಿಯಾಗುವ ಊರು ಇದು.

ಹೊಸಬರಿಗೆ ಇದು ಸೊಕ್ಕು ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಪೇಟೆಗಳ ಹಳೇ ಅಂಗಡಿಗಳಲ್ಲಿ ಪಾಳಿಯ ಮೇಲೆ ಕೆಲಸ ಮಾಡುವ ಜನ ಕಡಿಮೆ, ಬೆಳಿಗ್ಗೆ ಕೂತವರೇ ರಾತ್ರಿ ಬಾಗಿಲು ಹಾಕುವವರು. ಮಧ್ಯೆ ಮೂರು ಗಂಟೆ ಮನೆಗೆ ಹೋಗಲೇಬೇಕು. ಅದಕ್ಕೆ ಬದಲಾಗಿ ನಿಮಗೆ ಸಿಗುವುದು ಮಾಲು ಗೊತ್ತಿರುವ ಒಬ್ಬ ಮನುಷ್ಯ. ಆಫೀಸಿನ ಊಟದ ಬಿಡುವಿನಲ್ಲಿ ಮಾತ್ರ ಅಂಗಡಿಗೆ ಹೋಗುವುದಕ್ಕೆ ಆಗುವವರಿಗೆ ಇದು ಹೊಂದುವುದಿಲ್ಲ ಅನ್ನುವುದೂ ನಿಜ. ಹಿಂಜೆವಾಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು ಮಾಲ್‌ಗೋ ಆ್ಯಪ್‌ಗೋ ಹೋಗುತ್ತಾರೆ ಅಂದರೆ ಅವರದ್ದು ತಪ್ಪಲ್ಲ.

ಗೋಡೆಯ ಬೋರ್ಡ್‌ಗಳೂ ಅಷ್ಟೇ. ಪುಣೇರಿ ಪಾಟಿ ಅಂತ ಹೆಸರುವಾಸಿ. "ವಿನಾಕಾರಣ ಚೌಕಶಿ ಕರೂ ನಯೇ" ಥರದ್ದು, ಸುಮ್ಮಸುಮ್ಮನೆ ವಿಚಾರಿಸಬೇಡಿ ಅಂತ. ಓದಿ ನಕ್ಕುಬಿಡಿ. ಒಂದು ಬೋರ್ಡ್ ಮಾತ್ರ ನಗುವಂಥದ್ದಲ್ಲ, "ಒಮ್ಮೆ ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ" ಅನ್ನುವುದು. ಅದರ ವಿಚಾರ ಈಗ ಬರುತ್ತದೆ.

ಬಟ್ಟೆ: ಲಕ್ಷ್ಮೀ ರೋಡ್, ತುಳಶೀಬಾಗ್, ಮಾಲ್

ಸೀರೆಗೆ ಲಕ್ಷ್ಮೀ ರೋಡ್‌ನ ಹಳೇ ಅಂಗಡಿ, ಅದರಲ್ಲಿ ಎರಡು ಮಾತಿಲ್ಲ. ಗಾದಿಯ ಮೇಲೆ ಕೂರಿಸಿ ಐವತ್ತು ಸೀರೆ ಬಿಚ್ಚಿ ತೋರಿಸುತ್ತಾರೆ, ಬೆಲೆ ನಿಗದಿ, ಚೌಕಾಸಿ ಇಲ್ಲ. ಬಣ್ಣ ಹೋಗುತ್ತಾ, ಜರಿ ನಿಜವಾ ಅಂತ ಕೇಳಿದರೆ ನೇರ ಉತ್ತರ ಕೊಡುವ ಅಂಗಡಿಗಳು ಅಲ್ಲಿವೆ. ಬದಲಾಯಿಸಿಕೊಡುತ್ತಾರೆ, ಆದರೆ ದುಡ್ಡು ವಾಪಸ್ ಕೊಡುವುದು ಅಪರೂಪ. ಎಷ್ಟು ದಿನದೊಳಗೆ, ಯಾವ ಹೊತ್ತಿಗೆ ಬರಬೇಕು ಅಂತ ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ದುಡ್ಡು ಕೊಡುವ ಮೊದಲೇ ಓದಿ.

ತುಳಶೀಬಾಗ್ ಬೇರೆಯದೇ ಲೋಕ. ಅಲ್ಲಿ ಚೌಕಾಸಿ ಮಾಡದಿದ್ದರೆ ಅಂಗಡಿಯವನಿಗೇ ಮಜಾ ಬರುವುದಿಲ್ಲ. ಕ್ಲಿಪ್ಪು, ಓಲೆ, ಪಾತ್ರೆ, ಪೂಜೆ ಸಾಮಾನಿಗೆ ಅಲ್ಲಿಗೇ ಹೋಗಿ. ವಾಪಸ್ ಅನ್ನುವ ಮಾತನ್ನು ಮಾತ್ರ ಮರೆತು ಹೋಗಿ. ಅಳತೆ ಬದಲಾಗಬಹುದಾದ ಮಕ್ಕಳ ಬಟ್ಟೆ, ಚಪ್ಪಲಿ, ಇನ್ನೊಬ್ಬರಿಗೆ ಕೊಡುವ ಉಡುಗೊರೆ, ಇವಕ್ಕೆ ಮಾಲ್‌ನ ಅಂಗಡಿಯೇ ವಾಸಿ. ಬಿಲ್ ತೋರಿಸಿದರೆ ಸಾಮಾನ್ಯವಾಗಿ ಯಾಕೆ ಅಂತಲೂ ಕೇಳದೆ ಬದಲಾಯಿಸುತ್ತಾರೆ.

ಈಗ ಆ ಬೋರ್ಡ್. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ, ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತೆಗೆದುಕೊಳ್ಳದೆ ಇರುವುದು ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಅವಧಿಯೇ ಇಲ್ಲ ಅಂದರೆ 30 ದಿನ. ಬಿಲ್ ಕೊಡದೆ ಇರುವುದೂ ಅದೇ ಪಟ್ಟಿಯಲ್ಲಿದೆ. ಗಮನಿಸಿ, ಇದು ದೋಷ ಇದ್ದ ಮಾಲಿಗೆ. ಮನೆಗೆ ಬಂದು ಅತ್ತಿಗೆಗೆ ಬಣ್ಣ ಇಷ್ಟ ಆಗಲಿಲ್ಲ ಅಂದರೆ ಕಾನೂನು ನಿಮ್ಮ ಜೊತೆ ಬರುವುದಿಲ್ಲ. ಅದು ಅಂಗಡಿಯವರ ಮರ್ಜಿ.

ಮಿಕ್ಸರ್ ಕೆಟ್ಟಾಗ

ದೋಸೆ ಹಿಟ್ಟು, ಚಟ್ನಿ ಅಂತ ದಿನಾ ತಿರುಗಿಸುವ ನಮ್ಮ ಮನೆಗಳಲ್ಲಿ ಮಿಕ್ಸರ್ ಕೆಡುವುದು ಹೊಸದೇನಲ್ಲ. ವಾರಂಟಿ ಇದ್ದರೆ ಯೋಚನೆ ಬೇಡ, ಕಂಪನಿಯ ಸರ್ವಿಸ್ ಸೆಂಟರ್‌ಗೇ ಹೋಗಿ. ಹೊರಗಿನವನು ಸ್ಕ್ರೂ ಬಿಚ್ಚಿದ ಅಂದರೆ ಬಹಳ ಕಂಪನಿಗಳು ವಾರಂಟಿ ಇಲ್ಲ ಅಂತ ಕೈ ಎತ್ತುತ್ತವೆ. ವಾರಂಟಿ ಮುಗಿದಿದ್ದರೆ ನನ್ನ ಓಟು ಓಣಿಯ ರಿಪೇರಿಯವನಿಗೆ.

ನಮ್ಮ ಮಿಕ್ಸರ್ ಸದ್ದು ಮಾಡುತ್ತಿತ್ತು, ಜಾರ್ ತಿರುಗುತ್ತಿರಲಿಲ್ಲ. ಒಂದು ಸರ್ವಿಸ್ ಸೆಂಟರ್‌ನಲ್ಲಿ ತೆರೆದೂ ನೋಡದೆ ಮೋಟರ್ ಹೋಗಿದೆ, ಹೊಸದು ತಗೊಳ್ಳಿ, ಎಕ್ಸ್‌ಚೇಂಜ್ ಆಫರ್ ಇದೆ ಅಂದರು. ತುಂಬ ಮರ್ಯಾದೆಯಿಂದಲೇ ಅಂದರು. ಓಣಿಯ ರಿಪೇರಿಯಾತ ಮಿಕ್ಸರನ್ನು ಮಗುಚಿ, ಚಾಕುವಿನ ತುದಿಯಿಂದ ಜಾರ್ ಕೂರುವ ಮೇಲಿನ ರಬ್ಬರ್ ಕಪ್ಲರ್ ಎಬ್ಬಿಸಿ ಕೈಗೆ ಕೊಟ್ಟ. ಒಳಗಿನ ಹಲ್ಲು ಸವೆದು ನುಣ್ಣಗಾಗಿತ್ತು. ಡಬ್ಬಿಯಿಂದ ಹೊಸದೊಂದು ತೆಗೆದು ಹಾಕಿ, ಜಾರ್ ಇಟ್ಟು ತಿರುಗಿಸಿ ತೋರಿಸಿದ. ಹಳೆಯದನ್ನು ನನ್ನ ಕೈಯಲ್ಲೇ ಬಿಟ್ಟ. ಇಡೀ ಹೊತ್ತು ಫೋನಿನಲ್ಲಿ ಬೇರೆ ಯಾರದೋ ಜೊತೆ ಜಗಳ ಆಡುತ್ತಿದ್ದ. ನನ್ನ ಜೊತೆ ಆಡಿದ್ದು ಬೆಲೆಯ ಮಾತು ಒಂದೇ.

ಮನೆಗೇ ಬರುವ ಆ್ಯಪ್ ಮೆಕ್ಯಾನಿಕ್‌ಗಳು ಇವರಿಬ್ಬರ ಮಧ್ಯೆ. ಫ್ರಿಜ್, ವಾಷಿಂಗ್ ಮಷೀನ್, ಎಸಿ ಥರ ಹೊತ್ತುಕೊಂಡು ಹೋಗಲಾಗದ್ದಕ್ಕೆ ಅನುಕೂಲ, ಕೆಲಸದ ಮೇಲೆ ಕೆಲವು ದಿನದ ಗ್ಯಾರಂಟಿ ಇರುತ್ತದೆ, ವಯಸ್ಸಾದವರು ಒಬ್ಬರೇ ಇದ್ದ ಮನೆಗೆ ಬರುವವನ ಹೆಸರು ಫೋಟೋ ಮೊದಲೇ ಸಿಗುತ್ತದೆ. ಭೇಟಿ ಶುಲ್ಕ ಜಾಸ್ತಿ. ಬಿಡಿಭಾಗ ಬದಲಾಯಿಸಿದರೆ ಹಳೆಯದನ್ನು ಕೇಳಿ ಇಟ್ಟುಕೊಳ್ಳಿ. ಬಿಡಿಭಾಗ ನೀವೇ ತರುವುದಾದರೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಹುಡುಕಿ, ಎಲೆಕ್ಟ್ರಿಕ್ ಸಾಮಾನಿಗೆ ಅದೇ ಜಾಗ. ಯಾವ ಕಂಪನಿಯ ಸಾಮಾನಿಗೆ ಎಲ್ಲಿ ರಿಪೇರಿ, ಬಿಡಿಭಾಗದ ವಿವರ ಏನು ಅಂತ ಒಂದೆಡೆ ಸಿಗಲಿ ಅಂತ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿದೆ, ಎಲ್ಲ ಕಂಪನಿಗಳೂ ಅದರಲ್ಲಿ ಇಲ್ಲ, ಆದರೂ ಒಮ್ಮೆ ನೋಡಿ.

ಔಷಧಿ

ಬಿಪಿ, ಶುಗರ್ ಮಾತ್ರೆ ಥರ ತಿಂಗಳು ತಿಂಗಳು ಬೇಕಾದ್ದಕ್ಕೆ ಆ್ಯಪ್ ಅಥವಾ ದೊಡ್ಡ ಸರಣಿ ಅಂಗಡಿಯಲ್ಲಿ ರಿಯಾಯಿತಿ ಸಿಗುತ್ತದೆ. ಇನ್ನೂ ಕಡಿಮೆ ಬೇಕಾದರೆ ಜನೌಷಧಿ ಕೇಂದ್ರ, ಬ್ರ್ಯಾಂಡ್ ಔಷಧಿಗಿಂತ ಶೇಕಡಾ 50ರಿಂದ 80ರಷ್ಟು ಅಗ್ಗ ಅಂತ ಸರ್ಕಾರವೇ ಹೇಳುತ್ತದೆ. ಬದಲಾಯಿಸುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಅಲ್ಲಿ ಬೇಕಾದ ಮಾತ್ರೆ ಸ್ಟಾಕ್ ಇಲ್ಲದಿರುವುದೂ ಉಂಟು.

ರಾತ್ರಿ ಹತ್ತಕ್ಕೆ ಮಗುವಿಗೆ ಜ್ವರ ಬಂದರೆ ಇದ್ಯಾವುದೂ ಉಪಯೋಗ ಇಲ್ಲ. ಆಗ ಬೇಕಾಗುವುದು ಓಣಿಯ ಮೆಡಿಕಲ್. ಅಲ್ಲಿ ಅರ್ಧ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ತಾರೀಖು ಇರುವ ತುದಿ ನಿಮ್ಮ ಪಾಲಿಗೆ ಬಂದಿಲ್ಲ ಅಂದರೆ ಬಿಲ್ಲಿನಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇದೆಯಾ ನೋಡಿ. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಡುವುದಿಲ್ಲ ಅಂತ ಗದರುವ ಮೆಡಿಕಲ್‌ನವನನ್ನು ಬಿಡಬೇಡಿ, ಹಿಡಿದುಕೊಳ್ಳಿ. ಕೇಳಿದ್ದನ್ನೆಲ್ಲ ಕೊಡುವವನ ಹತ್ತಿರ ಮನೆಯವರಿಗೆ ಔಷಧಿ ತರಬೇಡಿ.

ಹೋಟೆಲ್, ಮಿಠಾಯಿ

ಹೋಟೆಲ್ ಬಗ್ಗೆ ಎರಡೇ ಮಾತು. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ತಾನಾಗಿಯೇ ಸೇರಿದ್ದರೆ ತೆಗೆಸಬಹುದು. 2022ರ ಕೇಂದ್ರದ ಮಾರ್ಗಸೂಚಿ ಹಾಗೆ ಹೇಳುತ್ತದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಕೂತು ಕುಡಿಯುವ ನೀರಿನ ಬಾಟಲಿಗೆ ಎಂಆರ್‌ಪಿ ಹಿಡಿದು ಜಗಳಕ್ಕೆ ಇಳಿಯಬೇಡಿ. ಹೋಟೆಲಿನವರು ಜಾಸ್ತಿ ತೆಗೆದುಕೊಳ್ಳಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಉಡುಪಿ ಹೋಟೆಲುಗಳಲ್ಲಿ ಈ ಎರಡೂ ತಲೆನೋವು ಕಡಿಮೆ, ಸ್ಟೀಲ್ ಲೋಟದಲ್ಲಿ ನೀರು ಬರುತ್ತದೆ, ತಿಂದ ಕೂಡಲೇ ಮಾಣಿ ಬಿಲ್ ಇಟ್ಟು ಎದ್ದೇಳುವ ಹಾಗೆ ನೋಡುತ್ತಾನೆ, ಅಷ್ಟೇ.

ಮಿಠಾಯಿ ತೂಗುವಾಗ ಡಬ್ಬಿಯ ತೂಕ ಸೇರಿಸಬಾರದು. ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ ತೂಗುವ ಅಂಗಡಿಯನ್ನೇ ಆರಿಸಿ. ಗಣಪತಿ, ದೀಪಾವಳಿ ಗದ್ದಲದಲ್ಲಿ ಇದನ್ನು ಮರೆಯುವವರು ಜಾಸ್ತಿ.

ಮಾತು ಕೇಳದಿದ್ದರೆ

ಮೊದಲು ಮಾಲೀಕರನ್ನು ಕೇಳಿ, ಕೆಲಸದ ಹುಡುಗನ ಮೇಲೆ ಕೂಗಬೇಡಿ. ಇಲ್ಲಿಯ ಅಂಗಡಿಗಳಲ್ಲಿ ನಾಲ್ಕು ಸಾಲು ಮರಾಠಿ ಬಹಳ ಕೆಲಸ ಮಾಡುತ್ತದೆ, ತಪ್ಪು ಮರಾಠಿಯಾದರೂ ಸರಿ. "ಕಾಕಾ, ಹೇ ಖರಾಬ್ ನಿಘಾಲಂ" ಅಂತ ಮೆಲ್ಲಗೆ ಹೇಳಿ ಸಾಮಾನು ಮತ್ತು ಬಿಲ್ ಮುಂದಿಡಿ. ಹತ್ತು ಗಿರಾಕಿಗಳ ಮುಂದೆ ದನಿ ಏರಿಸಿದರೆ ಪುಣೆಯ ಕಾಕಾ ಸೋಲುವುದಿಲ್ಲ. ಖಾಲಿ ಇರುವ ಹೊತ್ತಿನಲ್ಲಿ ಹೋದರೆ ಗೊಣಗುತ್ತಲೇ ಬದಲಾಯಿಸಿ ಕೊಡುತ್ತಾರೆ.

ಆ್ಯಪ್ ಆದರೆ ಚಾಟ್‌ನಲ್ಲೇ ದಿನ ಕಳೆಯಬೇಡಿ. ಇ-ಕಾಮರ್ಸ್ ನಿಯಮಗಳು 2020ರ ಪ್ರಕಾರ ಪ್ರತಿ ಕಂಪನಿಗೂ ಒಬ್ಬ ದೂರು ಅಧಿಕಾರಿ ಇರಬೇಕು. ಅವರು 48 ಗಂಟೆಯಲ್ಲಿ ದೂರು ಬಂತು ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅವರ ಇಮೇಲ್ ವಿಳಾಸ ಆ್ಯಪ್‌ನ ತೀರ ಕೆಳಗೆ, ಯಾರೂ ನೋಡದ ಪುಟದಲ್ಲಿ ಇರುತ್ತದೆ. ಹುಡುಕಿ ಬರೆಯಿರಿ.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ಆಮೇಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತ ಇಲ್ಲ, ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ಸಾಮಾನು ಬೇರೆ ಊರಿನಲ್ಲಿ ತಗೊಂಡಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಹಾಗಾಗಿ ರಜೆಗೆ ಊರಿಗೆ ಹೋದಾಗ ಹುಬ್ಬಳ್ಳಿಯಲ್ಲಿ ಕೊಂಡ ಟಿವಿಗೂ ಪುಣೆಯಲ್ಲೇ ಕೇಸು ಆಗುತ್ತದೆ. ಬಿಲ್ ಕಳೆದಿದ್ದರೆ ಯುಪಿಐ ಕೊಟ್ಟ ದಿನದ ಸ್ಕ್ರೀನ್‌ಶಾಟ್, ವಾಟ್ಸಾಪ್‌ನಲ್ಲಿ ಅಂಗಡಿಯವನ ಜೊತೆ ಆಡಿದ ಮಾತು, ಸಾಮಾನಿನ ಫೋಟೋ, ಇವನ್ನೆಲ್ಲ ಅಳಿಸದೆ ಇಟ್ಟುಕೊಳ್ಳಿ.